ಮೌಸ್ ನಿಮ್ಮ ಕೈಯಲ್ಲೇ ಇರಲಿ: ಮಲೆನಾಡಿನ ಶಿಕ್ಷಕರಿಗೊಂದು ಕಂಪ್ಯೂಟರ್ ಮಾರ್ಗದರ್ಶಿ

ಸಾಗರದಲ್ಲಿ ಬಸ್ ಇಳಿದು ಸೈಬರ್ ಅಂಗಡಿಗೆ ಹೋಗುತ್ತೇವೆ. ಕೈಯಲ್ಲಿ ಮಕ್ಕಳ ಪಟ್ಟಿ, ಬ್ಯಾಗಿನಲ್ಲಿ ಶಾಲೆಯ ಸೀಲು, ಒದ್ದೆ ಕೊಡೆ. ಅಂಗಡಿಯ ಹುಡುಗ ಎಷ್ಟೋ ಸಲ ನಮ್ಮ ಹಳೇ ವಿದ್ಯಾರ್ಥಿಯೇ ಆಗಿರುತ್ತಾನೆ. "ಅಕ್ಕೋರೇ, ನೀವು ಕೂತ್ಕೊಳಿ, ನಾನು ಮಾಡಿಕೊಡ್ತೀನಿ" ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ನಾವು ಸ್ಟೂಲಿನ ಮೇಲೆ ಕೂತು ಹೆಸರು ಓದುತ್ತೇವೆ, ಅವನು ಟೈಪ್ ಮಾಡುತ್ತಾನೆ. ನನ್ನದು ಸುಮಾರು ಹತ್ತು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಅವನು ಪಳಗಿದ. ನಾನು ಎಲ್ಲಿದ್ದೆನೋ ಅಲ್ಲೇ ಇದ್ದೆ.

ತರಬೇತಿಗೂ ಹೋಗಿದ್ದೆ. ಅಲ್ಲೂ ಅದೇ ಕಥೆ. ಒಂದು ಕಂಪ್ಯೂಟರಿಗೆ ಮೂವರು, ಅದರಲ್ಲಿ ಚುರುಕಾದವರೊಬ್ಬರ ಕೈಯಲ್ಲಿ ಮೌಸ್, ಉಳಿದಿಬ್ಬರು ತಲೆ ಆಡಿಸುವವರು. ಸೈಕಲ್ಲನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂತು ಕಲಿಯೋಕೆ ಆಗುತ್ತಾ? ಆದ್ದರಿಂದ ಈ ಲೇಖನದ ನಿಯಮ ಒಂದೇ. ಯಾರು ಬೇಕಾದರೂ ನಿಮಗೆ ಹೇಳಿಕೊಡಲಿ, ಮಗ, ಮಗಳು, ಸಿಆರ್‌ಪಿ (ಶಾಲೆಗಳ ಗುಂಪಿನ ಸಂಪನ್ಮೂಲ ವ್ಯಕ್ತಿ), ಪಕ್ಕದ ತರಗತಿಯ ಮೇಷ್ಟ್ರು. ಅವರು ಬಾಯಲ್ಲಿ ಹೇಳಬೇಕು. ಮೌಸ್ ಮುಟ್ಟಬಾರದು.

ಏನು ಕಲಿಯಬೇಕು ಎನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಕಂಪ್ಯೂಟರಿನ ತಲೆಮಾರುಗಳು, ಒಳಗಿನ ಭಾಗಗಳ ಚಿತ್ರ, ಇದೆಲ್ಲ ಈಗ ಬೇಡ. ನಮ್ಮ ಕೆಲಸ ನಾಲ್ಕೇ: ಕನ್ನಡದಲ್ಲಿ ಒಂದು ಪತ್ರ ಬರೆಯುವುದು, ಅಂಕಪಟ್ಟಿ ಮಾಡುವುದು, ಇಲಾಖೆಯ ಜಾಲತಾಣಗಳಲ್ಲಿ ಮಾಹಿತಿ ತುಂಬುವುದು, ತರಗತಿಯಲ್ಲಿ ಏನಾದರೂ ತೋರಿಸುವುದು. ದಿನಕ್ಕೆ ಅರ್ಧ ಗಂಟೆ ಕೂತರೆ ಎರಡು ಮೂರು ತಿಂಗಳಲ್ಲಿ ಇಷ್ಟೂ ಕೈಗೆ ಬರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಲು ಬರುವವರಿಗೆ ಇದು ಬಾರದೆ ಹೋಗುವ ವಿದ್ಯೆಯಲ್ಲ.

ಮೊದಲು ಪ್ಲಗ್ ಕೀಳುವುದನ್ನು ಕಲಿಯಿರಿ

ಬೇರೆ ಊರಿನಲ್ಲಿ ಮೊದಲ ಪಾಠ ಸ್ವಿಚ್ ಹಾಕುವುದು. ನಮ್ಮಲ್ಲಿ ಪ್ಲಗ್ ಕೀಳುವುದು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಸಿಡಿಲು ಜಾಸ್ತಿ. ಗುಡುಗು ಕೇಳಿಸಿದ ಕೂಡಲೇ ಕಂಪ್ಯೂಟರ್ ಮುಚ್ಚಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು ಬಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಇಂಟರ್ನೆಟ್ಟಿನ ತಂತಿಯನ್ನೂ ಕೀಳಿ. ಎಷ್ಟೋ ಜನ ಅದನ್ನು ಮರೆಯುತ್ತಾರೆ, ಹೊರಗಿಂದ ತಾಮ್ರದ ತಂತಿಯಲ್ಲಿ ಬರುವ ಸಂಪರ್ಕವಾದರೆ ಸಿಡಿಲು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಬೇಸಿಗೆ ರಜೆಗೆ ಶಾಲೆಗೆ ಬೀಗ ಹಾಕುವ ದಿನ ಎಲ್ಲ ಪ್ಲಗ್ ಕಿತ್ತಿದೆಯಾ ಅಂತ ಒಮ್ಮೆ ನೋಡಿಯೇ ಹೊರಡಿ.

ಜೂನ್ ಬಂದರೆ ಇನ್ನೊಂದು ತಾಪತ್ರಯ, ಥಂಡಿ. ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಕಂಪ್ಯೂಟರಿಗೆ ಹಿಡಿಯದೇ ಇರುತ್ತಾ? ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ದಿನವಾದರೂ ಅರ್ಧ ಗಂಟೆ ಚಾಲೂ ಮಾಡಿಡಿ. ಅದರ ಬಿಸಿಯೇ ಒಳಗಿನ ತೇವ ಆರಿಸುತ್ತದೆ. ಕೆಡುತ್ತದೆ ಅಂತ ಬಟ್ಟೆ ಹೊದಿಸಿ ತಿಂಗಳುಗಟ್ಟಲೆ ಇಟ್ಟರೆ ಅದಕ್ಕೇ ಕೆಡುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡವೇ ಬೇಡ, ತೇವ ಒಳಗೇ ಉಳಿಯುತ್ತದೆ. ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಿ, ಹೆಂಚಿನ ಮಾಡು ಸೋರುವ ಜಾಗ ತಪ್ಪಿಸಿ. ಪ್ರಿಂಟರಿನ ಹಾಳೆಯನ್ನು ಕಟ್ಟು ಒಡೆದು ಹೊರಗೆ ಬಿಡಬೇಡಿ. ಮೆತ್ತಗಾದ ಹಾಳೆ ಒಳಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಪ್ರಿಂಟರನ್ನು ಬೈದು ಪ್ರಯೋಜನವಿಲ್ಲ.

ಕರೆಂಟ್ ಹೋದಾಗ ಯುಪಿಎಸ್ ಕೀ ಕೀ ಅನ್ನುತ್ತದಲ್ಲ, ಅದು "ಕೆಲಸ ಮುಂದುವರಿಸಿ" ಅಂತ ಅಲ್ಲ, "ಉಳಿಸಿ, ಮುಚ್ಚಿ" ಅಂತ. ಅದು ಕೊಡುವುದು ಕೆಲವೇ ನಿಮಿಷ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದು ಎಳೆಯುವ ಕರೆಂಟು ಜಾಸ್ತಿ.

ಒಂದು ವಾರ ಇಸ್ಪೀಟು ಆಡಿ

ಇದು ತಮಾಷೆಗೆ ಹೇಳಿದ್ದಲ್ಲ. ಕಂಪ್ಯೂಟರಿನಲ್ಲಿ ಸಾಲಿಟೇರ್ ಅಂತ ಒಬ್ಬರೇ ಆಡುವ ಇಸ್ಪೀಟು ಇದೆ. 1990ರಲ್ಲಿ ವಿಂಡೋಸ್‌ನ ಜೊತೆ ಅದು ಬಂದಾಗ ಜನರಿಗೆ ಮೌಸ್ ಹೊಸದು. ಎಲೆ ಹಿಡಿದು ಎಳೆದು ಇನ್ನೊಂದರ ಮೇಲೆ ಬಿಡುವುದು, ಎರಡು ಸಲ ಒತ್ತುವುದು, ಇವೇ ಮೌಸಿನ ಮುಖ್ಯ ಕೈಚಳಕ. ಆಟದಲ್ಲಿ ತಪ್ಪಿದರೆ ಯಾರದೂ ಏನೂ ಹಾಳಾಗುವುದಿಲ್ಲ. ಶಾಲೆಯಲ್ಲಿ ಆಡಲು ಮುಜುಗರವಾದರೆ ಪೇಂಟ್ ತೆರೆದು ಒಂದು ಮನೆ, ಎರಡು ಅಡಿಕೆ ಮರ ಬಿಡಿಸಿ. ಅದೂ ಅದೇ ಅಭ್ಯಾಸ.

ಜೊತೆಗೆ ನಾಲ್ಕು ಕೀಲಿ ಜೋಡಿ ನೆನಪಿಟ್ಟುಕೊಳ್ಳಿ. ಕಂಟ್ರೋಲ್ ಒತ್ತಿ ಹಿಡಿದು ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟಿಸುವುದು, ಎಸ್ ಒತ್ತಿದರೆ ಉಳಿಸುವುದು, ಝಡ್ ಒತ್ತಿದರೆ ಮಾಡಿದ್ದನ್ನು ಹಿಂದಕ್ಕೆ ತರುವುದು. ಕೊನೆಯದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು. ಏನೋ ಒತ್ತಿಬಿಟ್ಟೆ, ಎಲ್ಲ ಮಾಯವಾಯಿತು ಅನ್ನಿಸಿದಾಗ ಗಾಬರಿಯಾಗಿ ಇನ್ನಷ್ಟು ಒತ್ತಬೇಡಿ. ಕಂಟ್ರೋಲ್ ಝಡ್. ಬೇಕಾದರೆ ನಾಲ್ಕೈದು ಸಲ.

ಕಡತ ಇಡುವುದು ಅಡಿಕೆ ಆರಿಸಿದ ಹಾಗೆ

ಅಡಿಕೆ ಬೆಳೆಗಾರರ ಮನೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಮಂಡಿಗೆ ಕಳಿಸುತ್ತಾರಾ? ಬೇರೆ ಬೇರೆ ಚೀಲ, ಚೀಲಕ್ಕೊಂದು ಗುರುತು. ಕಂಪ್ಯೂಟರಿನಲ್ಲಿ ಆ ಚೀಲದ ಹೆಸರು ಫೋಲ್ಡರ್. ನಾವು ಮಾಡುವುದೇನು? ಎಲ್ಲವನ್ನೂ ಪರದೆಯ ಮೇಲೇ ಚೆಲ್ಲಿ, "ಹೊಸದು", "ಹೊಸದು 2", "ಫೈನಲ್", "ಫೈನಲ್ ಸರಿಯಾದದ್ದು" ಅಂತ ಹೆಸರಿಡುತ್ತೇವೆ. ಮಾರ್ಚ್ ತಿಂಗಳಲ್ಲಿ ಹುಡುಕಾಟ ಶುರು.

ಹೀಗೆ ಮಾಡಿ. ಡಾಕ್ಯುಮೆಂಟ್ಸ್ ಒಳಗೆ ವರ್ಷಕ್ಕೊಂದು ಫೋಲ್ಡರ್: 2025-26. ಅದರೊಳಗೆ ನಾಲ್ಕೈದು: ಅಂಕಪಟ್ಟಿ, ಬಿಸಿಯೂಟ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಪತ್ರಗಳು, ಫೋಟೋ. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ನ್ಯೂ, ಆಮೇಲೆ ಫೋಲ್ಡರ್. ಕಡತಕ್ಕೆ ಹೆಸರಿಡುವಾಗ ತರಗತಿ, ವಿಷಯ, ತಿಂಗಳು ಮೂರೂ ಇರಲಿ. "8ನೇ ತರಗತಿ ಗಣಿತ ಆಗಸ್ಟ್" ಅಂದರೆ ನೀವು ರಜೆಯಲ್ಲಿದ್ದರೂ ಇನ್ನೊಬ್ಬರಿಗೆ ಸಿಗುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರಿನಲ್ಲಿ ಬದಲಾಗಿದೆ. ಹಳೇ ಕಡತ ಹುಡುಕುವಾಗ ಹಳೆಯ ಕಾಗುಣಿತವನ್ನೂ ಹಾಕಿ ನೋಡಿ.

ಇನ್ನು ಉಳಿಸುವ ವಿಚಾರ. ಒಂದು ಜುಲೈ ಸಂಜೆ ಮೂವತ್ತೆಂಟು ಮಕ್ಕಳ ಆರು ವಿಷಯದ ಅಂಕ ತುಂಬುತ್ತಾ ಕೂತಿದ್ದೆ. ಕೊನೆಗೆ ಒಟ್ಟಿಗೇ ಉಳಿಸೋಣ ಅಂತ. ಮೂವತ್ತನಾಲ್ಕನೇ ಹುಡುಗಿಯ ಹೆಸರಿಗೆ ಬಂದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು. ಬಂದ ಮೇಲೆ ನೋಡಿದರೆ ಕಡತವೇ ಇಲ್ಲ. ಅವತ್ತಿನಿಂದ ಖಾಲಿ ಹಾಳೆ ತೆರೆದ ಕೂಡಲೇ, ಒಂದಕ್ಷರವೂ ಬರೆಯುವ ಮೊದಲು, ಹೆಸರಿಟ್ಟು ಉಳಿಸುತ್ತೇನೆ. ಆಮೇಲೆ ಐದು ಮಕ್ಕಳಿಗೊಮ್ಮೆ ಕಂಟ್ರೋಲ್ ಎಸ್. ಈಗ ಅದು ಚಟವಾಗಿದೆ.

ಮುಖ್ಯ ಕಡತಗಳು ಎರಡು ಕಡೆಯಾದರೂ ಇರಲಿ: ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಗೂಗಲ್ ಡ್ರೈವ್‌ನಲ್ಲಿ. ಜಿಮೇಲ್ ಇದ್ದವರಿಗೆ 15 ಜಿಬಿ ಜಾಗ ಬಿಟ್ಟಿ ಸಿಗುತ್ತದೆ, ಅಂಕಪಟ್ಟಿಗಳಿಗೆ ಅದು ಧಾರಾಳ. ಮಕ್ಕಳ ವಿವರ ಇರುವ ಕಡತವಾದ್ದರಿಂದ ಅದರ ಲಿಂಕನ್ನು ಸಿಕ್ಕವರಿಗೆಲ್ಲ ಹಂಚಬೇಡಿ. ಪೆನ್‌ಡ್ರೈವ್ ಮೇಲೆ ನನಗೆ ನಂಬಿಕೆ ಕಡಿಮೆ. ಹೊರಗಿನ ಕಂಪ್ಯೂಟರಿಗೆ ಸಿಕ್ಕಿಸಿ ತಂದರೆ ವೈರಸ್ ಜೊತೆಗೇ ಬರುತ್ತದೆ, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣಿಸುತ್ತವೆ. ಹಾಗಾದರೆ ಅವನ್ನು ಒತ್ತಲೂಬೇಡಿ, ಅಳಿಸಲೂಬೇಡಿ. ಒಳಗಿನ ಕಡತಗಳು ಸಾಮಾನ್ಯವಾಗಿ ಅಡಗಿರುತ್ತವೆ ಅಷ್ಟೇ, ತಿಳಿದವರು ತೆಗೆದುಕೊಡುತ್ತಾರೆ.

ಕನ್ನಡ ಟೈಪಿಂಗ್: ಏಳು ತಾಲೂಕು, ಏಳು ದಿನ

ಕನ್ನಡ ಬರೆಯಲು ಎರಡು ದಾರಿ. ಒಂದು, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಒತ್ತಿದರೆ ಕನ್ನಡ ಮೂಡುವುದು. ವಿಂಡೋಸ್ 10ರಲ್ಲಿ 2019ರಿಂದ ಈ ಸೌಲಭ್ಯ ಅದರೊಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಎಂಬ ಕಡೆ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೋನೆಟಿಕ್ ಕೀಬೋರ್ಡ್ ಹಾಕಿಕೊಳ್ಳಿ. ಆಮೇಲೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡ, ಮತ್ತೆ ಒತ್ತಿದರೆ ವಾಪಸ್ ಇಂಗ್ಲಿಷ್. ಎರಡನೆಯದು ನುಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಉಚಿತವಾಗಿ ಸಿಗುವ ತಂತ್ರಾಂಶ. ಇದರ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಕೆ.ಪಿ. ರಾವ್ ಅವರದು. ಸರ್ಕಾರಿ ಕಚೇರಿಗಳಲ್ಲಿ ಇದೇ ಹೆಚ್ಚು.

ನನ್ನ ಮತ ನುಡಿಗೆ. ಮೊದಲ ವಾರ ಕಷ್ಟ, ಆಮೇಲೆ ವೇಗ. ಕಾರಣ, ಇದರಲ್ಲಿ ಕೆ ಒತ್ತಿದರೆ ನೇರವಾಗಿ "ಕ" ಬರುತ್ತದೆ, ಅಕಾರಕ್ಕೆ ಬೇರೆ ಕೀಲಿ ಬೇಡ. ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ: ಕೆ ಇದ್ದದ್ದು "ಖ", ಜಿ ಇದ್ದದ್ದು "ಘ". ಸ್ವರವೂ ಹಾಗೇ, ಶಿಫ್ಟ್ ಹಿಡಿದರೆ ದೀರ್ಘ. ಒತ್ತಕ್ಷರಕ್ಕೆ ನಡುವೆ ಎಫ್. ಮೊದಲ ಅಕ್ಷರ, ಎಫ್, ಎರಡನೇ ಅಕ್ಷರ, ಅಷ್ಟೇ. ಬಾಯಿಪಾಠ ಮಾಡಬೇಕಾದದ್ದು ಸ್ವಲ್ಪ: "ಟ" ಕ್ಯೂನಲ್ಲಿದೆ, "ಡ" ಡಬ್ಲ್ಯೂನಲ್ಲಿ, "ಷ" ಎಕ್ಸ್‌ನಲ್ಲಿ. "ಣ", "ಳ", "ಶ" ಮೂರೂ ಶಿಫ್ಟ್ ಹಿಡಿದು ಎನ್, ಎಲ್, ಎಸ್. ಅನುಸ್ವಾರದ ಸೊನ್ನೆಗೆ ಶಿಫ್ಟ್ ಎಮ್.

ಅಭ್ಯಾಸಕ್ಕೆ ನಾನು ಹಿಡಿದ ದಾರಿ ನಮ್ಮ ಜಿಲ್ಲೆಯ ಏಳು ತಾಲೂಕು. ದಿನಕ್ಕೊಂದು ಹೆಸರು, ಐವತ್ತು ಸಲ. ಸುಲಭದ್ದರಿಂದ ಕಷ್ಟದ್ದಕ್ಕೆ.

ಮೊದಲ ದಿನ ಸೊರಬ: ಎಸ್, ಓ, ಆರ್, ಬಿ. ನಾಲ್ಕೇ ಕೀಲಿ.
ಎರಡನೇ ದಿನ ಹೊಸನಗರ: ಎಚ್, ಓ, ಎಸ್, ಎನ್, ಜಿ, ಆರ್. ಇದರಲ್ಲೂ ಶಿಫ್ಟ್ ಇಲ್ಲ.
ಮೂರನೇ ದಿನ ಸಾಗರ: ಎಸ್, ಶಿಫ್ಟ್ ಎ, ಜಿ, ಆರ್. ಶಿಫ್ಟ್ ಇಲ್ಲಿಂದ ಶುರು.
ನಾಲ್ಕನೇ ದಿನ ಶಿಕಾರಿಪುರ: ಶಿಫ್ಟ್ ಎಸ್, ಐ, ಕೆ, ಶಿಫ್ಟ್ ಎ, ಆರ್, ಐ, ಪಿ, ಯು, ಆರ್.
ಐದನೇ ದಿನ ಶಿವಮೊಗ್ಗ: ಶಿಫ್ಟ್ ಎಸ್, ಐ, ವಿ, ಎಮ್, ಓ, ಜಿ, ಎಫ್, ಜಿ. ಮೊದಲ ಒತ್ತಕ್ಷರ.
ಆರನೇ ದಿನ ಭದ್ರಾವತಿ: ಶಿಫ್ಟ್ ಬಿ, ಡಿ, ಎಫ್, ಆರ್, ಶಿಫ್ಟ್ ಎ, ವಿ, ಟಿ, ಐ.
ಏಳನೇ ದಿನ ತೀರ್ಥಹಳ್ಳಿ: ಟಿ, ಶಿಫ್ಟ್ ಐ, ಆರ್, ಎಫ್, ಶಿಫ್ಟ್ ಟಿ, ಎಚ್, ಶಿಫ್ಟ್ ಎಲ್, ಎಫ್, ಶಿಫ್ಟ್ ಎಲ್, ಐ.

ತೀರ್ಥಹಳ್ಳಿ ತಡವರಿಸದೆ ಬಂತು ಅಂದರೆ ಇಲಾಖೆಗೆ ಬರೆಯುವ ಯಾವ ಪತ್ರವೂ ಬರುತ್ತದೆ. ಆಮೇಲೆ ನಿಮ್ಮ ತರಗತಿಯ ಹಾಜರಿ ಪುಸ್ತಕ ತೆಗೆದು ಮಕ್ಕಳ ಹೆಸರು ಬರೆಯುತ್ತಾ ಹೋಗಿ. ಅಭ್ಯಾಸಕ್ಕೆ ಅಭ್ಯಾಸ, ಕೆಲಸಕ್ಕೆ ಕೆಲಸ.

ಇಲ್ಲೊಂದು ಎಚ್ಚರಿಕೆ. ಯಾವುದರಲ್ಲಿ ಬರೆದರೂ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಅಕ್ಷರಗಳಲ್ಲಿ (ಫಾಂಟ್) ಬರೆದ ಪತ್ರವನ್ನು ಆ ಅಕ್ಷರ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತದೆ. ಮೊಬೈಲಿನಲ್ಲಂತೂ ಏನೂ ಓದಲಾಗದು. ಯೂನಿಕೋಡ್ ಕನ್ನಡ ಎಲ್ಲಿ ತೆರೆದರೂ ಕನ್ನಡವೇ. ತುಂಗಾ, ನಿರ್ಮಲಾ ಎಂಬ ಅಕ್ಷರಗಳು ವಿಂಡೋಸ್ ಜೊತೆಗೇ ಬಂದಿವೆ, ಅವು ಯೂನಿಕೋಡ್. ಹಳೇ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಸಿಗುತ್ತವೆ.

ಟೈಪಿಂಗ್ ಬೇಡವೇ ಬೇಡ ಅನ್ನುವವರಿಗೆ ಗೂಗಲ್ ಡಾಕ್ಸ್‌ನಲ್ಲಿ ಮಾತಾಡಿ ಬರೆಸುವ ಸೌಲಭ್ಯ ಕನ್ನಡಕ್ಕೂ ಇದೆ. ಕ್ರೋಮ್‌ನಲ್ಲಿ ತೆರೆದು, ಟೂಲ್ಸ್ ಒಳಗೆ ವಾಯ್ಸ್ ಟೈಪಿಂಗ್ ಆರಿಸಿ, ಭಾಷೆ ಕನ್ನಡ ಮಾಡಿ. ವರದಿ ಬರೆಯಲು ಇದು ಚೆನ್ನ. ಹೆಸರು ಬರೆಯಲು ನಂಬಬೇಡಿ. ಹೆಂಚಿನ ಮೇಲೆ ಮಳೆ ಹೊಯ್ಯುವಾಗಲೂ ನಂಬಬೇಡಿ.

ಅಂಕಪಟ್ಟಿ: ಎಕ್ಸೆಲ್ ನಿಮ್ಮ ಕ್ಯಾಲ್ಕುಲೇಟರ್ ಅಲ್ಲ, ಗುಮಾಸ್ತ

ನಮ್ಮಲ್ಲಿ ಎಷ್ಟೋ ಜನ ಎಕ್ಸೆಲ್‌ನಲ್ಲಿ ಅಂಕ ತುಂಬುತ್ತಾರೆ, ಒಟ್ಟು ಮಾತ್ರ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಕೂಡಿ ಬರೆಯುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆಮೇಲೆ ಒಬ್ಬನ ಅಂಕ ತಿದ್ದಿದರೆ ಒಟ್ಟು ಹಳೆಯದೇ ಉಳಿಯುತ್ತಿತ್ತು.

ಮೂವತ್ತು ಮಕ್ಕಳು, ಆರು ವಿಷಯ, ತಲಾ 25 ಅಂಕದ ಕಿರುಪರೀಕ್ಷೆ ಅಂದುಕೊಳ್ಳಿ. ಮೊದಲ ಸಾಲಿನಲ್ಲಿ ತಲೆಬರಹ. ಎ ಕಂಬದಲ್ಲಿ ಕ್ರಮಸಂಖ್ಯೆ, ಬಿಯಲ್ಲಿ ಹೆಸರು, ಸಿಯಿಂದ ಎಚ್‌ವರೆಗೆ ಆರು ವಿಷಯ, ಐಯಲ್ಲಿ ಒಟ್ಟು, ಜೆಯಲ್ಲಿ ಶೇಕಡಾ. ಎರಡನೇ ಸಾಲಿಂದ ಮಕ್ಕಳು, ಕೊನೆಯ ಮಗು 31ನೇ ಸಾಲಿನಲ್ಲಿ. ಈಗ ಐ2 ಎಂಬ ಮನೆಯಲ್ಲಿ ಹೀಗೆ ಬರೆಯಿರಿ:

=ಸಮ್(ಸಿ2:ಎಚ್2)

ಇಲ್ಲಿ ಕನ್ನಡದಲ್ಲಿ ತೋರಿಸಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಒತ್ತಬೇಕು. ಹೆಸರು ಬರೆದು ಮುಗಿದ ಮೇಲೆ ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಲು ಮರೆಯುವುದೇ ಇಲ್ಲಿ ಆಗುವ ತಪ್ಪು. ಮುಂದೆ ಈಕ್ವಲ್ ಚಿಹ್ನೆ ಇಲ್ಲದಿದ್ದರೆ ಅದು ಲೆಕ್ಕ ಅಂತ ಎಕ್ಸೆಲ್‌ಗೆ ತಿಳಿಯುವುದಿಲ್ಲ, ಬರೆದದ್ದನ್ನೇ ತೋರಿಸಿ ಸುಮ್ನೆ ಕೂರುತ್ತದೆ. ಎಂಟರ್ ಒತ್ತಿ, ಒಟ್ಟು ಬಂತಾ? ಈಗ ಐ2 ಮನೆಯ ಬಲಗಡೆ ಕೆಳ ಮೂಲೆಯಲ್ಲಿ ಪುಟ್ಟ ಚೌಕ ಕಾಣುತ್ತದೆ. ಅದನ್ನು ಹಿಡಿದು 31ನೇ ಸಾಲಿನವರೆಗೆ ಕೆಳಗೆ ಎಳೆಯಿರಿ. ಮೂವತ್ತೂ ಮಕ್ಕಳ ಒಟ್ಟು ಒಂದೇ ಏಟಿಗೆ ಬರುತ್ತದೆ. ಇಸ್ಪೀಟಿನಲ್ಲಿ ಎಲೆ ಎಳೆದದ್ದು ಇಲ್ಲಿ ಉಪಯೋಗಕ್ಕೆ ಬಂತು.

ಶೇಕಡಾಕ್ಕೆ ಜೆ2ರಲ್ಲಿ =ಐ2/150*100 ಎಂದು ಬರೆದು ಹಾಗೇ ಎಳೆಯಿರಿ. ಸಿ ಕಂಬದ ವಿಷಯದಲ್ಲಿ 10ಕ್ಕಿಂತ ಕಡಿಮೆ ಬಂದವರು ಎಷ್ಟು ಮಂದಿ ಅಂತ ಬೇಕಾ? =ಕೌಂಟ್‌ಇಫ್(ಸಿ2:ಸಿ31,"<10"). ನನಗೆ ಒಟ್ಟಿಗಿಂತ ಈ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದಿದೆ, ಯಾವ ಪಾಠ ಮತ್ತೆ ಮಾಡಬೇಕು ಅಂತ ಅದೇ ಹೇಳುತ್ತದೆ. ಬಾರದ ಮಗುವಿಗೆ ಸೊನ್ನೆ ಹಾಕಬೇಡಿ, "ಗೈರು" ಅಂತ ಬರೆಯಿರಿ. ಸೂತ್ರ ಅದನ್ನು ಬಿಟ್ಟು ಕೂಡುತ್ತದೆ.

ಈಗ ಮೂರು ಹೊಂಡ. ನಿಧಾನವಾಗಿ ಓದಿ, ಇವುಗಳಿಗೆ ಬೀಳದವರು ಕಡಿಮೆ.

ಮೊದಲನೆಯದು ಉದ್ದದ ಸಂಖ್ಯೆ. ಆಧಾರ್ 12 ಅಂಕಿ. ಹಾಗೇ ಬರೆದರೆ ಎಕ್ಸೆಲ್ ಅದನ್ನು ಚಿಕ್ಕದು ಮಾಡಿ, ನಡುವೆ ಇ ಅಕ್ಷರ ಸೇರಿಸಿ ವಿಚಿತ್ರವಾಗಿ ತೋರಿಸುತ್ತದೆ. ಅದು ಬರೀ ತೋರಿಕೆ, ಒಳಗೆ ಸಂಖ್ಯೆ ಸರಿಯಾಗಿರುತ್ತದೆ. ಆದರೆ ಬ್ಯಾಂಕ್ ಖಾತೆ ಸಂಖ್ಯೆ 15 ಅಂಕಿ ದಾಟಿದರೆ ನಿಜವಾಗಿಯೂ ಹಾಳಾಗುತ್ತದೆ. 16ನೇ ಅಂಕಿಯಿಂದ ಮುಂದೆ ಎಲ್ಲ ಸೊನ್ನೆ ಮಾಡಿಬಿಡುತ್ತದೆ, ಒಂದು ಮಾತೂ ಹೇಳದೆ. ಮುಂದಿನ ಸೊನ್ನೆಗಳನ್ನೂ ನುಂಗುತ್ತದೆ. ಮಗುವಿನ ವಿದ್ಯಾರ್ಥಿವೇತನ ಎಲ್ಲಿ ಹೋಯಿತು ಅಂತ ಆಮೇಲೆ ತಿರುಗಬೇಕು. ಅದಕ್ಕೆ ಸಂಖ್ಯೆ ತುಂಬುವ ಮೊದಲೇ ಆ ಇಡೀ ಕಂಬ ಆರಿಸಿ, ಬಲಗುಂಡಿ ಒತ್ತಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಮಾಡಿ. ತುಂಬಿದ ಮೇಲೆ ಮಾಡಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ.

ಎರಡನೆಯದು ಹುಟ್ಟಿದ ದಿನ. ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದ್ದರೆ ತಿಂಗಳು ಮೊದಲು, ದಿನ ಆಮೇಲೆ. 06/12 ಅಂತ ಬರೆದರೆ ನಮಗೆ ಡಿಸೆಂಬರ್ 6, ಅದಕ್ಕೆ ಜೂನ್ 12. ಒಂದು ಮನೆಯಲ್ಲಿ 25/12/2013 ಬರೆದು ನೋಡಿ. ಅದು ಬಲಕ್ಕೆ ಸರಿದು ನಿಂತರೆ ದಿನಾಂಕ ಅಂತ ಒಪ್ಪಿತು, ಎಡಕ್ಕೇ ನಿಂತರೆ ಪದ್ಧತಿ ಬೇರೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಪ್ರದೇಶವನ್ನು ಭಾರತ ಮಾಡಿಕೊಳ್ಳಿ.

ಮೂರನೆಯದು ಅಕಾರಾದಿಯಾಗಿ ಜೋಡಿಸುವಾಗ ಆಗುವ ಅನಾಹುತ. ಹೆಸರಿನ ಕಂಬ ಒಂದನ್ನೇ ಆರಿಸಿ ಜೋಡಿಸಿದರೆ ಹೆಸರು ಮಾತ್ರ ಜಾಗ ಬದಲಿಸುತ್ತದೆ, ಅಂಕ ಅಲ್ಲೇ ಇರುತ್ತದೆ. ಒಬ್ಬರ ಅಂಕ ಇನ್ನೊಬ್ಬರಿಗೆ. ಎಕ್ಸೆಲ್ ಒಂದು ಪ್ರಶ್ನೆ ಕೇಳುತ್ತದೆ, ಪಕ್ಕದ ಕಂಬಗಳನ್ನೂ ಸೇರಿಸಲೇ ಅಂತ. ನಾವು ಓದದೆ ಒತ್ತಿರುತ್ತೇವೆ. ಸೇರಿಸು ಎನ್ನುವ ಮೊದಲ ಆಯ್ಕೆಯನ್ನೇ ಇಟ್ಟುಕೊಳ್ಳಿ.

ಎಕ್ಸೆಲ್ ಇಲ್ಲದಿದ್ದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಉಚಿತ. ಮೇಲಿನ ಸೂತ್ರಗಳೆಲ್ಲ ಅಲ್ಲೂ ಅವೇ.

ಜಾಲತಾಣದಲ್ಲಿ ತುಂಬುವಾಗ

ರಾಜ್ಯದ ವಿದ್ಯಾರ್ಥಿ ಮಾಹಿತಿಯ ಸ್ಯಾಟ್ಸ್, ಕೇಂದ್ರದ ಶಾಲಾ ಮಾಹಿತಿಯ ಯು-ಡೈಸ್ ಪ್ಲಸ್, ಈ ಎರಡರ ಹೆಸರು ಕೇಳಿದರೆ ತಲೆಬಿಸಿ ಅಲ್ವಾ? ಅರ್ಧ ತಲೆಬಿಸಿ ನೆಟ್‌ವರ್ಕಿನದು. ಸಂಜೆ ನಾಲ್ಕಕ್ಕೆ ಎಲ್ಲ ಶಾಲೆಯವರೂ ಕೂರುತ್ತಾರೆ. ಬೆಳಿಗ್ಗೆ ಬೇಗ ಕೂರಿ. ತುಂಬಬೇಕಾದದ್ದನ್ನೆಲ್ಲ ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ (ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ), ಮಗುವಿನ ಹೆಸರು ಆಧಾರ್‌ನಲ್ಲಿ ಇದ್ದ ಹಾಗೆ, ಇನಿಶಿಯಲ್ ಮುಂದಿದೆಯೋ ಹಿಂದಿದೆಯೋ ಅದೂ ಸೇರಿ. ಪುಟ ತೆರೆದ ಮೇಲೆ ಹುಡುಕುತ್ತಾ ಕೂತರೆ ಸಮಯ ಮೀರಿ ಅದೇ ಹೊರಗೆ ಹಾಕುತ್ತದೆ.

ಸಲ್ಲಿಸಿದ ಮೇಲೆ ಬರುವ ಪುಟವನ್ನು ಉಳಿಸಿಕೊಳ್ಳಿ. ಪ್ರಿಂಟರ್ ಇಲ್ಲದಿದ್ದರೂ ಕಂಟ್ರೋಲ್ ಪಿ ಒತ್ತಿ, ಪ್ರಿಂಟರಿನ ಹೆಸರಿನ ಜಾಗದಲ್ಲಿ ಸೇವ್ ಆ್ಯಸ್ ಪಿಡಿಎಫ್ ಆರಿಸಿ. "ನಿಮ್ಮ ಶಾಲೆಯದು ಬಂದಿಲ್ಲ" ಅಂತ ಫೋನ್ ಬಂದಾಗ ತೋರಿಸಲು ಅದೊಂದೇ ಆಧಾರ.

ಫೋಟೋ ದೊಡ್ಡದಾಯಿತು ಅಂತ ವಾಪಸ್ ತಳ್ಳಿದರೆ ಪೇಂಟ್‌ನಲ್ಲಿ ತೆರೆದು ರೀಸೈಜ್ ಒತ್ತಿ, ಶೇಕಡಾ 50 ಮಾಡಿ, ಬೇರೆ ಹೆಸರಿನಲ್ಲಿ ಉಳಿಸಿ. ಸಾಲದಿದ್ದರೆ ಇನ್ನೊಮ್ಮೆ. ಕಾಗದಪತ್ರಗಳ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಂಪ್ಯೂಟರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅಕ್ಷರ ಮಸುಕಾಗುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ನಾವು ಶಿಕ್ಷಕರು ಬಹಳ ಉದಾರಿಗಳು. ಬೀರುವಿನ ಬಾಗಿಲಿಗೇ ಅಂಟಿಸಿರುತ್ತೇವೆ. ಒಮ್ಮೆ ಹೊರಗಿನ ಕಂಪ್ಯೂಟರಿನಲ್ಲಿ ನನ್ನ ಜಿಮೇಲ್ ತೆರೆದು ಮುಚ್ಚದೆ ಬಂದಿದ್ದೆ. ಮೂರು ದಿನದ ಮೇಲೆ ಹೋದಾಗಲೂ ತೆರೆದೇ ಇತ್ತು, ಯಾರು ಯಾರು ನೋಡಿದರೋ. ಅಂಥ ಕಡೆ ಕೂರಲೇಬೇಕಾದರೆ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಮೂರೂ ಒಟ್ಟಿಗೆ ಒತ್ತಿ ಬರುವ ಕಪ್ಪು ಕಿಟಕಿಯಲ್ಲಿ ಕೆಲಸ ಮಾಡಿ, ಮುಗಿದ ಮೇಲೆ ಆ ಕಿಟಕಿ ಮುಚ್ಚಿ. ಪಾಸ್‌ವರ್ಡ್ ಉಳಿಸಲೇ ಅಂತ ಕೇಳಿದರೆ ಬೇಡ ಅನ್ನಿ.

ಒಟಿಪಿ ಯಾರಿಗೂ ಹೇಳಬೇಡಿ, "ಕಚೇರಿಯಿಂದ" ಅಂದರೂ. ವಾಟ್ಸಾಪ್ ಗುಂಪಿನಲ್ಲಿ ವೇತನ ಪಟ್ಟಿ, ಮದುವೆ ಕರೆಯೋಲೆ ಅಂತ ಬರುವ ಕಡತದ ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ ಮುಟ್ಟಬೇಡಿ. ಅದು ಪತ್ರವಲ್ಲ, ನಿಮ್ಮ ಫೋನಿಗೆ ನುಗ್ಗುವ ಆ್ಯಪ್. ಹಣ ಹೋಗಿಯೇ ಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಮಾಡೋಣ ಅನ್ನಬೇಡಿ, ತಡವಾದಷ್ಟೂ ಹಣ ತಡೆಯುವುದು ಕಷ್ಟ. ಮತ್ತೆ, ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಅದೇ ಇದ್ದರೆ ಅಂಕಪಟ್ಟಿ ಮಾಡಿ, ಪತ್ರ ಬರೆಯಿರಿ, ಬ್ಯಾಂಕಿನ ವ್ಯವಹಾರ ಮಾತ್ರ ಬೇಡ.

ತರಗತಿಗೆ ಒಯ್ಯುವ ಮೊದಲು

ನಮ್ಮ ನೆಟ್‌ವರ್ಕ್ ನಂಬಿ ತರಗತಿಗೆ ಹೋಗಬೇಡಿ. ತೋರಿಸಬೇಕಾದದ್ದನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ. ಪಠ್ಯಪುಸ್ತಕದ ಪಾಠಗಳ ಬಳಿ ಇರುವ ಚೌಕದ ಗುರುತನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಅಭ್ಯಾಸ ಬರುತ್ತವೆ. ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಗಣಿತದವರಿಗೆ ಜಿಯೋಜೀಬ್ರಾ ಇದೆ, ತ್ರಿಕೋನದ ಮೂಲೆ ಹಿಡಿದು ಎಳೆದರೆ ಕೋನ ಬದಲಾಗುವುದು ಕಾಣುತ್ತದೆ, ಮೊತ್ತ ಮಾತ್ರ 180ರಲ್ಲೇ ಇರುತ್ತದೆ. ಹಲಗೆಯ ಮೇಲೆ ಇದನ್ನು ತೋರಿಸುವುದು ಹೇಗೆ ಹೇಳಿ. ವಿಜ್ಞಾನಕ್ಕೆ ಫೆಟ್ ಎಂಬ ಪ್ರಯೋಗಗಳ ಸಂಗ್ರಹ. ಎರಡೂ ಉಚಿತ.

ಪ್ರೊಜೆಕ್ಟರ್ ಹೀಗೆ: ಎಚ್‌ಡಿಎಂಐ ತಂತಿ ಸಿಕ್ಕಿಸಿ, ಪ್ರೊಜೆಕ್ಟರ್ ಹಾಕಿ, ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿ, ಡೂಪ್ಲಿಕೇಟ್ ಆರಿಸಿ. ಚಿತ್ರ ಬಂದು ಸದ್ದು ಬಾರದಿದ್ದರೆ ಸದ್ದು ಪ್ರೊಜೆಕ್ಟರಿಗೆ ಹೋಗಿರುತ್ತದೆ. ಕೆಳಗೆ ಬಲಮೂಲೆಯ ಸ್ಪೀಕರ್ ಗುರುತು ಒತ್ತಿ ಬದಲಿಸಿ. ಮುಗಿದ ಮೇಲೆ ಪ್ರೊಜೆಕ್ಟರನ್ನು ಅದರ ಗುಂಡಿಯಲ್ಲೇ ಆರಿಸಿ, ಒಳಗಿನ ಫ್ಯಾನ್ ನಿಲ್ಲುವವರೆಗೆ ಪ್ಲಗ್ ಕೀಳಬೇಡಿ. ಜುಲೈ ತಿಂಗಳಲ್ಲಿ ನಮ್ಮ ತರಗತಿಗೆ ಪರದೆ ಕಟ್ಟುವ ಕೆಲಸವೇ ಇಲ್ಲ, ಹನ್ನೆರಡು ಗಂಟೆಗೂ ಅಷ್ಟು ಕತ್ತಲು.

ಸಿಕ್ಕಿಹಾಕಿಕೊಂಡಾಗ

ಪರದೆಯ ಮೇಲೆ ಏನೋ ಇಂಗ್ಲಿಷಿನಲ್ಲಿ ಬಂತು, ಮುಂದೆ ಹೋಗುತ್ತಿಲ್ಲ. ಮೊದಲ ಕೆಲಸ, ಅದನ್ನು ಮುಚ್ಚದೆ ಪೂರ್ತಿ ಓದುವುದು. ಎರಡನೆಯದು, ಮೊಬೈಲಿನಲ್ಲಿ ಅದರ ಫೋಟೋ. "ಏನೋ ಬಂದು ಹೋಯ್ತಪ್ಪ" ಅಂದರೆ ಯಾರಿಗೂ ಸಹಾಯ ಮಾಡಲಾಗುವುದಿಲ್ಲ. ಮೂರನೆಯದು, ಮುಚ್ಚಿ ಮತ್ತೆ ತೆರೆಯುವುದು. ನಗಬೇಡಿ, ಅರ್ಧ ರೋಗ ಇದರಲ್ಲೇ ಹೋಗುತ್ತದೆ.

ಆಮೇಲೂ ಆಗದಿದ್ದರೆ ಫೋನ್ ಮಾಡಿ ಕೇಳಿ. ನಾನು ಈಗಲೂ ಆ ಸೈಬರ್ ಹುಡುಗನನ್ನೇ ಕೇಳುತ್ತೇನೆ. ಮೊನ್ನೆ ಊರಿಗೆ ಬಂದವನು ಶಾಲೆಗೂ ಬಂದಿದ್ದ. ಹಳೇ ನುಡಿ ಕಡತವೊಂದು ತಿರುಗುತ್ತಿರಲಿಲ್ಲ, ತೋರಿಸಿದೆ. "ಇಲ್ಲಿ ಕೊಡಿ ಅಕ್ಕೋರೇ" ಅಂತ ಕೈ ಚಾಚಿದ. ಎರಡೂ ಕೈ ಜೇಬಿನಲ್ಲಿ ಇಟ್ಕೊ, ಬಾಯಲ್ಲಿ ಹೇಳು ಅಂದೆ. ಅವನಿಗೆ ಅದು ಟೈಪ್ ಮಾಡುವುದಕ್ಕಿಂತ ಕಷ್ಟವಾಯಿತು. ಇಪ್ಪತ್ತು ನಿಮಿಷ ಹಿಡಿಯಿತು, ಕಡತ ತೆರೆಯಿತು.